ಕೊನೆಯ ಎರಡು ನಿಮಿಷದ ಕೋಚ್

ಗೆದ್ದ ಪೈಲ್ವಾನರೆಲ್ಲ ಒಳ್ಳೆಯ ಉಸ್ತಾದರಾಗುವುದಿಲ್ಲ. ಗರಡಿ ಮನೆಯ ಒಡನಾಟ ಇರುವವರಿಗೆ ಇದು ಹೊಸ ಮಾತಲ್ಲ. ಮೈಗೆ ತಾನಾಗಿ ಒಲಿದ ಪಟ್ಟನ್ನು ಬಿಡಿಸಿ ಹೇಳಿ ಎಂದರೆ ಎಷ್ಟೋ ಚಾಂಪಿಯನ್ನರಿಗೆ ಮಾತೇ ಹೊರಡುವುದಿಲ್ಲ. ಮಾಡಿ ತೋರಿಸುತ್ತಾರೆ, ಎದುರಿನ ಹುಡುಗನಿಗೆ ಬರಲಿಲ್ಲ ಎಂದರೆ ಸಿಡುಕುತ್ತಾರೆ. ಅಮೆರಿಕದ ಡ್ಯಾನ್ ಗೇಬಲ್ ಹೈಸ್ಕೂಲಿನಲ್ಲಿ ಒಂದೂ ಪಂದ್ಯ ಸೋಲಲಿಲ್ಲ, ಒಲಿಂಪಿಕ್ ಚಿನ್ನ ಗೆದ್ದರು, ಆಮೇಲೆ ಮುಖ್ಯ ಕೋಚ್ ಆಗಿ 21 ವರ್ಷಗಳಲ್ಲಿ 15 ಬಾರಿ ತಮ್ಮ ತಂಡಕ್ಕೆ ಕಾಲೇಜು ರಾಷ್ಟ್ರೀಯ ಪ್ರಶಸ್ತಿ ತಂದರು. ಆಡಿ ಗೆದ್ದವರು ಆಡಿಸಿಯೂ ಇಷ್ಟು ಗೆದ್ದದ್ದು ಹೇಗೆ ಎಂದು ಅವರ ದಾಖಲೆಗಳನ್ನು ಹಿಡಿದು ಕೂತರೆ ಎರಡು ಸಂಗತಿಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಒಂದು, ಅಭ್ಯಾಸದಲ್ಲಿ ಎದುರು ನಿಲ್ಲುವ ಜೊತೆಗಾರ. ಇನ್ನೊಂದು, ಪಂದ್ಯದ ಕೊನೆಯ ಎರಡು ನಿಮಿಷ.

ಗೇಬಲ್ ಹುಟ್ಟಿದ್ದು 1948ರ ಅಕ್ಟೋಬರ್ 25ರಂದು, ಅಯೋವಾ ರಾಜ್ಯದ ವಾಟರ್‌ಲೂ ಊರಿನಲ್ಲಿ. ಟ್ರ್ಯಾಕ್ಟರ್ ಕಾರ್ಖಾನೆ, ಮಾಂಸ ಸಂಸ್ಕರಣೆಯ ಕಾರ್ಖಾನೆಗಳ ಊರು. ಚಳಿಗಾಲದಲ್ಲಿ ಹೊರಗೆ ಆಡುವಂತಿಲ್ಲ, ಹಾಗಾಗಿ ಕುಸ್ತಿ ಅಲ್ಲಿನ ಮಕ್ಕಳಿಗೆ ಒಳಾಂಗಣದ ಆಟ. ಕುಸ್ತಿಗೂ ಮೊದಲು ಹುಡುಗ ಈಜಿನಲ್ಲಿ ಹೆಸರು ಮಾಡಿದ್ದ. ವೆಸ್ಟ್ ಹೈಸ್ಕೂಲಿನಲ್ಲಿ ಬಾಬ್ ಸಿಡೆನ್ಸ್ ಎಂಬ ಕೋಚ್ ಕೈಗೆ ಸಿಕ್ಕ. ಸಿಡೆನ್ಸ್ ತಮ್ಮ ಶಾಲೆಗೆ 11 ರಾಜ್ಯ ಪ್ರಶಸ್ತಿ ತಂದವರು. ಗೇಬಲ್ 1964ರಲ್ಲಿ 95 ಪೌಂಡ್, 1965ರಲ್ಲಿ 103, 1966ರಲ್ಲಿ 112 ಪೌಂಡ್ ವಿಭಾಗದಲ್ಲಿ ರಾಜ್ಯ ಚಾಂಪಿಯನ್ ಆದ. ನಮ್ಮ ಲೆಕ್ಕದಲ್ಲಿ 43, 47, 51 ಕಿಲೋ. ಮೂರು ವರ್ಷಗಳಲ್ಲಿ 64 ಪಂದ್ಯ, 64 ಗೆಲುವು.

ಆ ತೂಕಗಳನ್ನು ಸುಮ್ಮನೆ ಓದಿಕೊಂಡು ಹೋಗಬಾರದು. ಭಾರಿ ತೂಕದ ಹುಡುಗ ಒಂದೇ ಎತ್ತಿನಲ್ಲಿ ಪಂದ್ಯ ಮುಗಿಸಬಹುದು. 43 ಕಿಲೋದ ಹುಡುಗರಿಬ್ಬರು ನಿಂತರೆ ತೋಳಬಲದ ಅಂತರ ಹೆಚ್ಚು ಇರುವುದಿಲ್ಲ. ಇಬ್ಬರೂ ಚುರುಕು, ಇಬ್ಬರೂ ಜಾರುವವರು. ಅಲ್ಲಿ ಗೆಲ್ಲುವವನು ಮೂರನೇ ಸುತ್ತಿನಲ್ಲೂ ಮೊದಲ ಸುತ್ತಿನ ವೇಗದಲ್ಲೇ ಕಾಲು ಆಡಿಸಬಲ್ಲವನು. ಗೇಬಲ್ ಅವರ ಕುಸ್ತಿಯ ಗುಣ ಈ ಸಣ್ಣ ತೂಕದಲ್ಲೇ ರೂಪುಗೊಂಡಿತು ಎಂದು ನನಗನಿಸುತ್ತದೆ.

1964ರ ಮೇ ಕೊನೆಯಲ್ಲಿ ಆ ಮನೆಯಲ್ಲಿ ಘೋರ ದುರಂತ ನಡೆಯಿತು. ತಂದೆತಾಯಿ ಮತ್ತು ಡ್ಯಾನ್ ಮೀನು ಹಿಡಿಯಲು ಹೊರಗೆ ಹೋಗಿದ್ದಾಗ, ಮನೆಯಲ್ಲಿ ಒಬ್ಬಳೇ ಇದ್ದ 19 ವರ್ಷದ ಅಕ್ಕ ಡಯಾನ್ ಕೊಲೆಯಾದಳು. ಡ್ಯಾನ್‌ಗೆ ಆಗ 15. ಹೆತ್ತವರು ಆ ಮನೆಯಲ್ಲಿ ಇರಲಾರದೆ ಬಿಟ್ಟುಹೋಗುವ ಯೋಚನೆಯಲ್ಲಿದ್ದಾಗ, ಅಕ್ಕನ ಕೋಣೆಗೆ ತಾನೇ ಹೋಗಿ ಮಲಗಲು ಶುರು ಮಾಡಿದವನು ಆ ಹುಡುಗ. ಆ ದುಃಖವೇ ಅವನನ್ನು ಕುಸ್ತಿಪಟು ಮಾಡಿತು ಎಂದು ಬರೆಯುವವರಿದ್ದಾರೆ. ತಾರೀಖು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಮೊದಲ ರಾಜ್ಯ ಪ್ರಶಸ್ತಿ ಅದೇ ವರ್ಷದ ಚಳಿಗಾಲದಲ್ಲೇ ಬಂದಿತ್ತು. ಅವನು ಆಗಲೇ ಚಾಂಪಿಯನ್. ಮನೆಯ ಮೌನ ಒಡೆಯಲು, ಅಪ್ಪ ಅಮ್ಮನಿಗೆ ನೋಡಲು ಏನಾದರೂ ಒಂದು ಇರಲಿ ಎಂದು ಆಮೇಲೆ ಅವನಿಗೆ ಗೆಲುವು ಬೇಕಾಗಿರಬಹುದು. ಅದು ಬೇರೆ ಮಾತು. ಕುಸ್ತಿ ಕಲಿಸಿದ್ದು ಮಾತ್ರ ಸಿಡೆನ್ಸ್ ಅವರ ಅಭ್ಯಾಸದ ಕೋಣೆ.

ಅಮೆರಿಕದ ಶಾಲಾ ಕುಸ್ತಿ ಒಲಿಂಪಿಕ್ ಕುಸ್ತಿಗಿಂತ ಬೇರೆ, ನಮ್ಮ ಮಟ್ಟಿ ಕುಸ್ತಿಗಿಂತಲೂ ಬೇರೆ. ಮಟ್ಟಿಯಲ್ಲಿ ಚಿತ್ ಆದರಷ್ಟೇ ತೀರ್ಮಾನ. ಅಲ್ಲಿ ಚಿತ್ ಮಾಡಿದರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ, ಇಲ್ಲದಿದ್ದರೆ ಅಂಕದ ಲೆಕ್ಕ. ಈಗಿನ ಹೈಸ್ಕೂಲ್ ಪಂದ್ಯ ಎರಡೆರಡು ನಿಮಿಷದ ಮೂರು ಸುತ್ತು. ಎರಡೂ ಭುಜಗಳನ್ನು ಎರಡು ಸೆಕೆಂಡ್ ಮ್ಯಾಟಿಗೆ ಒತ್ತಿ ಹಿಡಿದರೆ ಚಿತ್. ಕಾಲೇಜಿನಲ್ಲಿ ಒಂದೇ ಸೆಕೆಂಡ್ ಸಾಕು. ನಿಂತವನನ್ನು ಕೆಡವಿ ಹತೋಟಿಗೆ ತಂದರೆ ಗೇಬಲ್ ಕಾಲದಲ್ಲಿ 2 ಅಂಕ ಇತ್ತು, ಈಚೆಗೆ 3 ಮಾಡಿದ್ದಾರೆ. ಕೆಳಗಿದ್ದವನು ಬಿಡಿಸಿಕೊಂಡು ಎದ್ದರೆ 1, ಕೆಳಗಿನಿಂದ ತಿರುಗಿ ಮೇಲೆ ಬಂದರೆ 2. ಕಾಲೇಜಿನಲ್ಲಿ ಇನ್ನೂ ಒಂದು ಉಂಟು: ಎದುರಾಳಿಗಿಂತ ಒಂದು ನಿಮಿಷ ಹೆಚ್ಚು ಸವಾರಿ ಮಾಡಿದವನಿಗೆ, ಅಂದರೆ ಮೇಲಿದ್ದು ಹತೋಟಿಯಲ್ಲಿ ಹಿಡಿದವನಿಗೆ, ಕೊನೆಯಲ್ಲಿ 1 ಅಂಕ. ಹೈಸ್ಕೂಲಿನಲ್ಲಿ ಈ ಸವಾರಿಯ ಅಂಕ ಇಲ್ಲ.

ಎರಡು ಮತ್ತು ಮೂರನೇ ಸುತ್ತುಗಳನ್ನು ಸಾಮಾನ್ಯವಾಗಿ ಒಬ್ಬ ಕೆಳಗೆ, ಒಬ್ಬ ಮೇಲೆ ಇದ್ದುಕೊಂಡು ಶುರು ಮಾಡುತ್ತಾರೆ. ಕೆಳಗಿನವನು ಅಂಗೈ, ಮೊಣಕಾಲು ಊರಿ ಕೂರಬೇಕು. ಮೇಲಿನವನ ಒಂದು ಕೈ ಅವನ ಸೊಂಟ ಬಳಸಿ ಹೊಕ್ಕುಳ ಮೇಲೆ, ಇನ್ನೊಂದು ಕೈ ಅವನ ಮೊಣಕೈ ಮೇಲೆ. ಇಲ್ಲಿಂದ ಎದ್ದು ಬಿಡಿಸಿಕೊಳ್ಳುವುದು ನೋಡಲು ಸುಲಭ. ಆದರೆ ಶಾಲಾ ಹುಡುಗರು ಹೆಚ್ಚು ಪಂದ್ಯ ಸೋಲುವುದು ಇದೇ ಜಾಗದಲ್ಲಿ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು.

ಸೀಟಿ ಊದಿದ ಕೂಡಲೇ ಭಾರ ಕೈಗಳಿಂದ ಸೊಂಟದ ಕಡೆಗೆ ಹಿಂದಕ್ಕೆ ಬರಬೇಕು. ಎದುರಾಳಿ ಇರುವ ಬದಿಯ ಪಾದವನ್ನು ಮುಂದೆ ತಂದು ಊರಬೇಕು, ಅದೇ ಹೊತ್ತಿಗೆ ಬೆನ್ನಿನಿಂದ ಅವನ ಎದೆಯನ್ನು ಹಿಂದಕ್ಕೆ ಒತ್ತಬೇಕು. ತಲೆ ನೆಟ್ಟಗೆ, ಮೊಣಕೈ ಪಕ್ಕೆಗೆ ಅಂಟಿ. ಹೊಟ್ಟೆಯ ಮೇಲಿರುವ ಅವನ ಕೈಯನ್ನು ಬೆರಳುಗಳ ಬಳಿ ಎರಡೂ ಕೈಯಲ್ಲಿ ಹಿಡಿದು ಸೊಂಟದ ಪಕ್ಕಕ್ಕೆ ತಳ್ಳಬೇಕು. ಆಮೇಲೆ ಎರಡನೇ ಪಾದ ಊರಿ ಎದ್ದು, ಸೊಂಟವನ್ನು ಅವನಿಂದ ದೂರ ಸರಿಸಿ, ಗಿರಕಿ ಹೊಡೆದು ಮುಖಾಮುಖಿ ನಿಲ್ಲಬೇಕು. ಎಲ್ಲ ಸೇರಿ ಎರಡು ಸೆಕೆಂಡಿನ ಕೆಲಸ.

ತಪ್ಪುವುದು ಎಲ್ಲಿ? ತಲೆ ಮುಂದಕ್ಕೆ ಬಾಗಿದರೆ ಮೇಲಿನವನು ಹಿಂದಿನಿಂದ ನೂಕಿ ಮೂಗು ಮ್ಯಾಟಿಗೆ ತಾಗಿಸುತ್ತಾನೆ. ಕೈ ಹಿಡಿಯದೆ ಬರೀ ಎದ್ದರೆ ಅವನು ಸೊಂಟದ ಮುಂದೆ ಎರಡೂ ಕೈ ಕೂಡಿಸಿ ಎತ್ತಿ ಮತ್ತೆ ಕೆಳಗಿಳಿಸುತ್ತಾನೆ. ಕೆಳಗಿರುವವನ ಮೇಲೆ ಹಾಗೆ ಕೈ ಕೂಡಿಸುವುದು ಶಾಲಾ ಕುಸ್ತಿಯಲ್ಲಿ ತಪ್ಪು, ಆದರೆ ಅವನು ಎದ್ದು ನಿಂತ ಮೇಲೆ ಅದಕ್ಕೆ ಅವಕಾಶ ಉಂಟು. ಎತ್ತಿದವನೇ ಪೆಟ್ಟಾಗದಂತೆ ಇಳಿಸಬೇಕು. ಮೊಣಕೈ ಪಕ್ಕೆ ಬಿಟ್ಟು ಹೊರಬಂದರೆ ಕಂಕುಳಲ್ಲಿ ಕೈ ತೂರಿಸಿ ಕತ್ತಿಗೆ ಒತ್ತಿ ಮಗುಚುತ್ತಾನೆ. ದಣಿದ ಹುಡುಗ ಮೊದಲು ಬಿಡುವುದು ಈ ಮೊಣಕೈಯನ್ನೇ. ಬೆಳಿಗ್ಗೆ ಮೈ ಹಗುರಾಗಿದ್ದಾಗ ಇದನ್ನು ನೂರು ಸಲ ಸರಿಯಾಗಿ ಮಾಡುವವನೂ ಆರನೇ ನಿಮಿಷದಲ್ಲಿ ಮೊಣಕೈ ಬಿಟ್ಟಿರುತ್ತಾನೆ. ಅದಕ್ಕೇ ಈ ಪಟ್ಟನ್ನು ಅಭ್ಯಾಸದ ಶುರುವಿನಲ್ಲಿ ಕಲಿಸಿ, ಕೊನೆಯಲ್ಲಿ ಉಸಿರು ಕಟ್ಟಿದಾಗ ಮತ್ತೆ ಮಾಡಿಸಬೇಕು.

ಹೈಸ್ಕೂಲಿನ ನಂತರ ಗೇಬಲ್ ಏಮ್ಸ್ ಊರಿನ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿನ ಕೋಚ್ ಹೆರಾಲ್ಡ್ ನಿಕೋಲ್ಸ್. 1968ರಲ್ಲಿ 130 ಪೌಂಡ್, 1969ರಲ್ಲಿ 137 ಪೌಂಡ್ ವಿಭಾಗದಲ್ಲಿ ರಾಷ್ಟ್ರೀಯ ಚಾಂಪಿಯನ್. 1970ರ ಮಾರ್ಚ್‌ನಲ್ಲಿ ಶಿಕಾಗೊ ಪಕ್ಕದ ಇವಾನ್‌ಸ್ಟನ್‌ನಲ್ಲಿ ಕೊನೆಯ ಕಾಲೇಜು ಫೈನಲ್‌ಗೆ ಇಳಿಯುವಾಗ ಹೈಸ್ಕೂಲು, ಕಾಲೇಜು ಸೇರಿ 181 ಗೆಲುವು, ಸೋಲು ಸೊನ್ನೆ. ಮುಂದಿನ ವಾರದ ಪ್ರಸಾರಕ್ಕೆಂದು, 182–0 ಆಗಿ ಮುಗಿಸುವುದನ್ನು ನೋಡಿ ಎಂದು ಟಿವಿಯವರು ಅವರ ಬಾಯಲ್ಲಿ ಮೊದಲೇ ಹೇಳಿಸಿಕೊಂಡಿದ್ದರು.

ಎದುರಾಳಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲ್ಯಾರಿ ಓವಿಂಗ್ಸ್. ಗೇಬಲ್ ಮೇಲೆ ಆಡಬೇಕು ಎಂದೇ ತೂಕ ಇಳಿಸಿ 142 ಪೌಂಡ್‌ಗೆ ಬಂದಿದ್ದವರು, ಅದನ್ನು ಬಹಿರಂಗವಾಗಿ ಹೇಳಿಯೂ ಇದ್ದವರು. ಅಂಕ ಮೇಲೆ ಕೆಳಗೆ ಆಗುತ್ತ ಹೋಗಿ, ಕೊನೆಯ ಅರ್ಧ ನಿಮಿಷದಲ್ಲಿ ಓವಿಂಗ್ಸ್ ಗೇಬಲ್‌ರನ್ನು ಕೆಡವಿ ಬೆನ್ನಿನ ಮೇಲೆ ಹೊರಳಿಸಿದರು. 13–11.

ಈ ಸೋಲಿಗೆ ಅಹಂಕಾರ ಕಾರಣ, ಟಿವಿ ಕಾರಣ ಎಂದು ಹೇಳುವುದುಂಟು. ಕುಸ್ತಿಯ ಒಳಗಿನ ಕಾರಣವೇ ದೊಡ್ಡದು. ಅದುವರೆಗೆ ಎದುರಾಳಿಗಳು ಗೇಬಲ್ ಮುಂದೆ ಚಿತ್ ಆಗದೆ ಉಳಿದರೆ ಸಾಕು ಎಂದು ಆಡುತ್ತಿದ್ದರು. ಒಂದು ಅಂಕದ ಅಂತರದಲ್ಲಿ, ಎದುರಿನವನು ಮೈಮೇಲೆ ಏರಿ ಬರುತ್ತಿರುವಾಗ, ಕೊನೆಯ 30 ಸೆಕೆಂಡ್ ಕಳೆಯುವ ಸಂದರ್ಭ ಅವರಿಗೆ ತೀರ ಅಪರೂಪವಾಗಿತ್ತು. 181 ಪಂದ್ಯ ಗೆದ್ದವರು ಆ ಒಂದು ಸನ್ನಿವೇಶವನ್ನು ಸಾಕಷ್ಟು ಆಡಿರಲಿಲ್ಲ. ಸದಾ ಗೆಲ್ಲುವವನಿಗೆ ಈ ಕೊರತೆ ಇದ್ದೇ ಇರುತ್ತದೆ, ಅದನ್ನು ಅಭ್ಯಾಸದಲ್ಲಿ ಕೃತಕವಾಗಿ ಒದಗಿಸುವುದು ಕೋಚ್ ಕೆಲಸ.

ಮುಂದಿನ ಎರಡು ವರ್ಷಗಳ ಫಲ ಎಲ್ಲರಿಗೂ ಗೊತ್ತು. 1971ರಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ವಿಶ್ವ ಚಾಂಪಿಯನ್. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 68 ಕಿಲೋ ವಿಭಾಗದ ಚಿನ್ನ. ಮೊಣಕಾಲಿಗೆ ಮೊದಲೇ ಪೆಟ್ಟಾಗಿತ್ತು, ಮೊದಲ ಪಂದ್ಯದಲ್ಲೇ ತಲೆ ಒಡೆದು ಹೊಲಿಗೆ ಬಿತ್ತು. ಆರು ಪಂದ್ಯಗಳಲ್ಲಿ ಯಾರಿಗೂ ಒಂದೇ ಒಂದು ಅಂಕ ಬಿಟ್ಟುಕೊಡಲಿಲ್ಲ. ಚಿನ್ನಕ್ಕಿಂತ ಈ ಸೊನ್ನೆಯೇ ನನಗೆ ಮುಖ್ಯ ಎನಿಸುತ್ತದೆ. ಹನ್ನೊಂದು ಅಂಕ ಗಳಿಸಿಯೂ ಸೋತವರು ಅಂಕ ಕೊಡದಿರುವುದನ್ನು ಕಲಿತು ಬಂದಿದ್ದರು.

ಅದೇ ವರ್ಷ ಅಯೋವಾ ಸಿಟಿಯ ಅಯೋವಾ ವಿಶ್ವವಿದ್ಯಾಲಯಕ್ಕೆ ಸಹಾಯಕ ಕೋಚ್ ಆಗಿ ಹೋದರು. ತಾವು ಓದಿದ ಅಯೋವಾ ಸ್ಟೇಟ್‌ಗೆ ಅದು ಬದ್ಧ ಎದುರಾಳಿ. ಗ್ಯಾರಿ ಕರ್ಡೆಲ್‌ಮೆಯರ್ ಕೈಕೆಳಗೆ ನಾಲ್ಕು ವರ್ಷ ದುಡಿದು, 1976–77ರ ಋತುವಿನಿಂದ ಮುಖ್ಯ ಕೋಚ್. 1978ರಿಂದ 1986ರವರೆಗೆ ಸತತ ಒಂಬತ್ತು ರಾಷ್ಟ್ರೀಯ ಪ್ರಶಸ್ತಿ.

ಒಲಿಂಪಿಕ್ ಚಾಂಪಿಯನ್ ಆದ ಯುವ ಕೋಚ್ ಮ್ಯಾಟಿಗೆ ಬಂದರೆ ಮೊದಲ ಲಾಭ ಅವರ ಮೈ. ಹುಡುಗರ ಜೊತೆ ತಾವೇ ಹಿಡಿಯಬಹುದು. ಆದರೆ ಒಬ್ಬ ಕೋಚ್ ದಿನಕ್ಕೆ ನಾಲ್ಕೈದು ಜನರ ಮೈ ಬಿಸಿ ಮಾಡಬಹುದು, ಹತ್ತು ತೂಕ ವಿಭಾಗಗಳ ತಂಡಕ್ಕೆ ಅದು ಸಾಲದು. ಪ್ರತಿ ತೂಕದಲ್ಲೂ ಒಂದನೆಯವನನ್ನು ದಿನವೂ ಕಾಡುವ ಎರಡನೆಯವನು, ಮೂರನೆಯವನು ಬೇಕು. ಅಯೋವಾ ತಂಡದ ಬಲ ಇದ್ದದ್ದು ಈ ಎರಡನೆಯವರಲ್ಲಿ. ಇದಕ್ಕೆ ಜೆಸ್ಸಿ ವಿಟ್ಮರ್ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗದು. 118 ಪೌಂಡ್‌ನ ಆ ಹುಡುಗ ವರ್ಷಗಟ್ಟಲೆ ಬದಲಿ ಆಟಗಾರನಾಗಿಯೇ ಉಳಿದು, ಐದನೇ ವರ್ಷ ಮೊದಲ ಸಲ ತಂಡದ ಕಾಯಂ ಸ್ಥಾನ ಹಿಡಿದು, ಅದೇ 1997ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ. ಬೆಂಚಿನಲ್ಲಿ ಕೂತಿದ್ದ ಅಷ್ಟೂ ಕಾಲ ಅವನು ಅಭ್ಯಾಸದ ಕೋಣೆಯಲ್ಲಿ ಯಾರನ್ನೋ ಚಾಂಪಿಯನ್ ಮಾಡುತ್ತಿದ್ದ, ತಾನೂ ಆಗುತ್ತಿದ್ದ.

ಹೈಸ್ಕೂಲ್ ಕೋಚ್‌ಗೆ ಇಷ್ಟು ಹುಡುಗರು ಸಿಗುವುದಿಲ್ಲ. ಹಾಗಿದ್ದಾಗ ಜೋಡಿ ಕಟ್ಟುವುದರಲ್ಲೇ ಜಾಣತನ ಬೇಕು. ಒಳ್ಳೆಯ ಹುಡುಗನಿಗೆ ವಾರದಲ್ಲಿ ಒಂದೆರಡು ದಿನ ಒಂದು ತೂಕ ಮೇಲಿನ ಜೊತೆಗಾರ, ಇನ್ನೊಂದು ದಿನ ಒಂದು ತೂಕ ಕೆಳಗಿನ ಚುರುಕಿನವನು. ಇಬ್ಬರು ಜೊತೆಗಾರರನ್ನು ಕೊಟ್ಟು, ಇವನು ಮ್ಯಾಟಿನಲ್ಲೇ ಇರುವಂತೆ, ಅವರು ನಿಮಿಷಕ್ಕೊಬ್ಬರು ಬದಲಾಗುವಂತೆ ಮಾಡಿದರೆ ಆರು ನಿಮಿಷದಲ್ಲಿ ಅವನ ನಿಜವಾದ ದೋಷಗಳೆಲ್ಲ ಹೊರಬೀಳುತ್ತವೆ. ಬಲಹೀನನ ಜೊತೆ ದಿನವೂ ಬಿಟ್ಟರೆ ಪಟ್ಟು ಸಡಿಲಾಗುತ್ತದೆ, ಯಾಕೆಂದರೆ ಅರ್ಧಂಬರ್ಧ ಹಿಡಿದರೂ ಅಲ್ಲಿ ಬೀಳುತ್ತಾರೆ.

ಜೊತೆಗಾರರು ಕಡಿಮೆಯಾಗುವುದು ಗಾಯದಿಂದ ಮಾತ್ರ ಅಲ್ಲ, ಚರ್ಮರೋಗದಿಂದಲೂ. ಒಬ್ಬನಿಗೆ ಹುಳುಕಡ್ಡಿ ಬಂದರೆ ವಾರದೊಳಗೆ ಐದು ಜನ ಹೊರಗೆ. ಮೈಮೇಲಿನ ಹುಳುಕಡ್ಡಿಗೆ ಕನಿಷ್ಠ 72 ಗಂಟೆ, ತಲೆಯಲ್ಲಿದ್ದರೆ 14 ದಿನ ಔಷಧಿ ಆಗಬೇಕು ಎಂಬುದು ಅಲ್ಲಿನ ಶಾಲಾ ನಿಯಮ. ಮ್ಯಾಟ್ ದಿನವೂ ಒರೆಸಬೇಕು. ಸುಮಾರು ನಾಲ್ಕು ಲೀಟರ್ ನೀರಿಗೆ 60 ಮಿಲಿ ಬ್ಲೀಚ್ ಹಾಕಿ, ತಾನಾಗಿ ಒಣಗಲು ಬಿಡಬೇಕು. ಮ್ಯಾಟ್ ಬೂಟು ಹಾಕಿಕೊಂಡು ಶೌಚಾಲಯಕ್ಕೆ ಹೋಗುವುದನ್ನು ಮೊದಲ ದಿನವೇ ನಿಲ್ಲಿಸಬೇಕು.

ಇನ್ನು ಕೊನೆಯ ಎರಡು ನಿಮಿಷ. ಎರಡು ಗಂಟೆಯ ಅಭ್ಯಾಸ ಎಂದುಕೊಳ್ಳಿ. ಮೊದಲ ಕಾಲು ಗಂಟೆ ಮೈ ಬಿಸಿ ಮಾಡುವುದು, ಆಮೇಲೆ ಅರ್ಧ ಗಂಟೆ ಪಟ್ಟುಗಳ ಪುನರಾವರ್ತನೆ, ಅದರ ನಂತರ ಬಿಡುವಿಲ್ಲದೆ ನಿಜವಾದ ಹಿಡಿತ. ಎಲ್ಲರೂ ಇಷ್ಟು ಮಾಡುತ್ತಾರೆ. ವ್ಯತ್ಯಾಸ ಬರುವುದು ಕೊನೆಯ ಇಪ್ಪತ್ತು ನಿಮಿಷದಲ್ಲಿ. ಅಲ್ಲಿ ಸುಮ್ಮನೆ ಓಡಿಸಿ ದಣಿಸುವ ಬದಲು ಸನ್ನಿವೇಶ ಕೊಟ್ಟು ಹಿಡಿಸಬೇಕು. "ನೀನು ಒಂದು ಅಂಕ ಹಿಂದೆ, ಕೆಳಗಿದ್ದೀಯ, 30 ಸೆಕೆಂಡ್ ಉಳಿದಿದೆ." "ನೀನು ಒಂದು ಅಂಕ ಮುಂದೆ, ನಿಂತಿದ್ದೀಯ, 40 ಸೆಕೆಂಡ್." ಎಂಟು ಹತ್ತು ಸಲ, ನಡುವೆ 20 ಸೆಕೆಂಡಷ್ಟೇ ಬಿಡುವು, ಪ್ರತಿ ಸಲ ಪಾತ್ರ ಅದಲುಬದಲು. ಮುಂದಿರುವವನು ಹಿಂದೆ ಹಿಂದೆ ಸರಿದರೆ ಅಂಕ ಕಳೆಯಬೇಕು. ಪಂದ್ಯದಲ್ಲೂ ಹಿಂದೆ ಸರಿಯುವವನಿಗೆ ಎಚ್ಚರಿಕೆ, ಆಮೇಲೆ ದಂಡದ ಅಂಕ ಇದ್ದೇ ಇದೆ.

ಗೇಬಲ್ ಅವರ ಹುಡುಗರು ಮುಂದಿದ್ದಾಗಲೂ ಮೈಮೇಲೆ ಬೀಳುವುದನ್ನು ಬಿಡುತ್ತಿರಲಿಲ್ಲ. ಅದನ್ನು ಬರೀ ಕೆಚ್ಚು ಎಂದು ತಿಳಿಯಬಾರದು, ಅದರಲ್ಲಿ ಲೆಕ್ಕವೂ ಇದೆ. ಎರಡು ತಂಡಗಳ ನಡುವಿನ ಮುಖಾಮುಖಿಯಲ್ಲಿ ಸಾಮಾನ್ಯ ಗೆಲುವಿಗೆ ತಂಡಕ್ಕೆ 3 ಅಂಕ, 8ರಿಂದ 14ರ ಅಂತರಕ್ಕೆ 4, 15ರ ಅಂತರಕ್ಕೆ 5, ಚಿತ್ ಮಾಡಿದರೆ 6. ಏಳು ಅಂಕ ಮುಂದಿರುವವನು ಕೊನೆಯ ನಿಮಿಷ ಕೈಕಟ್ಟಿ ಕಳೆದರೆ ತಂಡಕ್ಕೆ ಬರಬೇಕಾದ್ದು ಹೋಯಿತು. ಹತ್ತು ತೂಕದಲ್ಲೂ ಹೀಗೆ ಒಂದೊಂದು ಹೆಚ್ಚು ಕಿತ್ತುಕೊಂಡರೆ ಎದುರಾಳಿ ತಂಡ ತತ್ತರಿಸುತ್ತದೆ.

ಗೇಬಲ್ ತಂಡ ಸದಾ ಗೆಲ್ಲುತ್ತ ಹೋಗಲಿಲ್ಲ. 1987ರಲ್ಲಿ ಹತ್ತನೇ ಪ್ರಶಸ್ತಿಗೆಂದು ರೋಮನ್ ಅಂಕಿಯ ಹತ್ತನ್ನು ಅಂಗಿಯ ಮೇಲೆ ಹಾಕಿಕೊಂಡೇ ಬಂದ ಅಯೋವಾವನ್ನು ತಡೆದದ್ದು ಗೇಬಲ್ ಓದಿದ ಅಯೋವಾ ಸ್ಟೇಟ್. ಮುಂದಿನ ಮೂರು ವರ್ಷವೂ ಪ್ರಶಸ್ತಿ ಬರಲಿಲ್ಲ. ಆ ಹೊತ್ತಿಗೆ ಶೆಲ್ಡನ್ ಎಂಬ ಸಣ್ಣ ಊರಿನ ಅವಳಿ ಸಹೋದರರು ಟಾಮ್ ಮತ್ತು ಟೆರಿ ಬ್ರ್ಯಾಂಡ್ಸ್ ತಂಡದಲ್ಲಿದ್ದರು. ಹುಟ್ಟಿದಂದಿನಿಂದ ಪರಸ್ಪರ ಕಾಡುತ್ತ ಬೆಳೆದ ಜೊತೆಗಾರರು. 1991, 1992, 1993, ಮತ್ತೆ 1995, 1996, 1997ರಲ್ಲಿ ಅಯೋವಾ ಗೆದ್ದಿತು. 1997ರಲ್ಲಿ ಗೇಬಲ್ ಸೊಂಟದ ಕೀಲು ಬದಲಿಸಿಕೊಂಡು ಊರುಗೋಲಿನ ಮೇಲೆ ಬಂದಿದ್ದರು. ವಾಟರ್‌ಲೂಗೆ ಅಂಟಿಕೊಂಡೇ ಇರುವ ಸೀಡರ್ ಫಾಲ್ಸ್‌ನಲ್ಲಿ ನಡೆದ ಆ ಕೂಟದಲ್ಲಿ ಅವರ ಐದು ಹುಡುಗರು ಚಾಂಪಿಯನ್, ತಂಡದ ಅಂಕ 170. ಆ ದಾಖಲೆ 2024ರವರೆಗೆ ಉಳಿಯಿತು. ಅಲ್ಲಿಗೆ ಮುಖ್ಯ ಕೋಚ್ ಹುದ್ದೆ ಬಿಟ್ಟರು.

ಆ ಕಾಲದಿಂದ ಇಂದಿನ ಕೋಚ್‌ಗಳು ತೆಗೆದುಕೊಳ್ಳಬಾರದ ಒಂದು ವಿಷಯ ಇದೆ, ಅದು ಬೆವರಿಳಿಸಿ ತೂಕ ಇಳಿಸುವ ಪದ್ಧತಿ. ಸೌನಾ, ರಬ್ಬರ್ ಅಂಗಿ, ನೀರು ಬಿಡುವುದು ಆಗ ದೇಶದ ಎಲ್ಲ ಕೋಣೆಗಳಲ್ಲೂ ಇತ್ತು. 1997ರ ನವೆಂಬರ್, ಡಿಸೆಂಬರ್‌ನಲ್ಲಿ ಬೇರೆ ಬೇರೆ ಕಾಲೇಜುಗಳ ಮೂವರು ಕುಸ್ತಿಪಟುಗಳು ಹೀಗೆ ತೂಕ ಇಳಿಸುತ್ತಲೇ ಸತ್ತರು. ಆಮೇಲೆ ರಬ್ಬರ್ ಅಂಗಿ, ಸೌನಾ ನಿಷೇಧವಾದವು. ಈಗ ಹೈಸ್ಕೂಲಿನಲ್ಲಿ ಋತುವಿನ ಮೊದಲೇ ಮೈಯ ಕೊಬ್ಬು ಅಳೆಯುತ್ತಾರೆ. ಹುಡುಗರಲ್ಲಿ ಶೇ 7ಕ್ಕಿಂತ, ಹುಡುಗಿಯರಲ್ಲಿ ಶೇ 12ಕ್ಕಿಂತ ಕೆಳಗೆ ಇಳಿಯುವ ತೂಕಕ್ಕೆ ಅನುಮತಿ ಇಲ್ಲ. ವಾರಕ್ಕೆ ಮೈತೂಕದ ಶೇ 1.5ಕ್ಕಿಂತ ಹೆಚ್ಚು ಇಳಿಸುವಂತಿಲ್ಲ. 60 ಕಿಲೋದ ಹುಡುಗನಲ್ಲಿ ಶೇ 12 ಕೊಬ್ಬಿದ್ದರೆ ಕೊಬ್ಬಿಲ್ಲದ ತೂಕ 52.8 ಕಿಲೋ. ಅದನ್ನು 0.93ರಿಂದ ಭಾಗಿಸಿದರೆ ಸುಮಾರು 56.8. ಅದಕ್ಕಿಂತ ಕೆಳಗಿನ ವಿಭಾಗ ಅವನಿಗಿಲ್ಲ. ವಾರಕ್ಕೆ 900 ಗ್ರಾಂ ಲೆಕ್ಕದಲ್ಲಿ ಅಲ್ಲಿಗೆ ಮುಟ್ಟಲು ನಾಲ್ಕು ವಾರ. ಅಳೆಯುವ ದಿನ ಮೂತ್ರ ಪರೀಕ್ಷೆಯೂ ಇರುತ್ತದೆ, ನೀರು ಬಿಟ್ಟು ಬಂದವನು ಅಲ್ಲೇ ಸಿಕ್ಕಿಬೀಳುತ್ತಾನೆ. 2024ರ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ 50 ಕಿಲೋ ಫೈನಲ್ ತಲುಪಿಯೂ 100 ಗ್ರಾಂ ಹೆಚ್ಚಾಗಿ ಅನರ್ಹರಾದದ್ದನ್ನು ನಾವೆಲ್ಲ ನೋಡಿದ್ದೇವೆ. ಮೈಯ ಸಹಜ ತೂಕಕ್ಕೂ ಆಡುವ ತೂಕಕ್ಕೂ ನಡುವೆ ಅಷ್ಟು ದೂರ ಇಟ್ಟುಕೊಳ್ಳುವ ಅಭ್ಯಾಸ ಶಾಲೆಯಲ್ಲೇ ಬೇರು ಬಿಡುತ್ತದೆ. ಕೋಚ್ ಅದನ್ನು ಅಲ್ಲೇ ನಿಲ್ಲಿಸಬೇಕು.

ಗೇಬಲ್ ನಂತರ ಅವರದೇ ಶಿಷ್ಯ ಜಿಮ್ ಜಲೆಸ್ಕಿ 1998ರಿಂದ 2000ರವರೆಗೆ ಮೂರು ಪ್ರಶಸ್ತಿ ತಂದರು, ಬಳಿಕ ತಂಡ ಇಳಿಮುಖವಾಯಿತು. 2006ರಲ್ಲಿ ಟಾಮ್ ಬ್ರ್ಯಾಂಡ್ಸ್ ಮುಖ್ಯ ಕೋಚ್ ಆಗಿ ಬಂದಾಗ ಗೇಬಲ್ ಒಂದು ಋತುವಿಗೆ ಸಹಾಯಕ ಕೋಚ್ ಆಗಿ ಮ್ಯಾಟಿಗೆ ಮರಳಿದರು. 15 ಪ್ರಶಸ್ತಿ ತಂದವರು ತಾವೇ ತಯಾರು ಮಾಡಿದ ಹುಡುಗನ ಕೈಕೆಳಗೆ ಕೆಲಸ ಮಾಡುವುದು ಸಣ್ಣ ಮಾತಲ್ಲ, ಅದಕ್ಕೆ ದೊಡ್ಡ ಮನಸ್ಸು ಬೇಕು. ಹೀಗೆ ಮರಳುವ ಹಿರಿಯರು ಎಡವುವುದು ಸಾಮಾನ್ಯವಾಗಿ ಒಂದೇ ಕಡೆ: ಪಂದ್ಯದ ಅಂಚಿನಲ್ಲಿ ಕೂತು ಮುಖ್ಯ ಕೋಚ್ ಒಂದು ಹೇಳುವಾಗ ತಾವೊಂದು ಕೂಗುವುದು. ಮ್ಯಾಟಿನ ಮೇಲಿರುವ ಹುಡುಗನಿಗೆ ಒಂದೇ ದನಿ ಕೇಳಬೇಕು. ಹಿರಿಯರಿಗೆ ಹೇಳಿ ಮಾಡಿಸಿದ ಕೆಲಸ ಅಭ್ಯಾಸದ ಕೋಣೆಯಲ್ಲಿದೆ. ಯಾರ ಎದುರು ಯಾರನ್ನು ಹಿಡಿಸಬೇಕು, ಎರಡನೇ ಸಾಲಿನ ಯಾವ ಹುಡುಗ ಮನಸ್ಸು ಬಿಡುತ್ತಿದ್ದಾನೆ, ಯಾರ ಮೊಣಕೈ ಕೊನೆಯ ನಿಮಿಷದಲ್ಲಿ ಪಕ್ಕೆ ಬಿಟ್ಟು ಹೊರಬರುತ್ತಿದೆ ಎಂದು ನೋಡಿ ಮುಖ್ಯ ಕೋಚ್‌ಗೆ ಹೇಳುವುದು. ಆ ಋತು ಮುಗಿದ ಮೇಲೆ ಗೇಬಲ್ ಹುದ್ದೆ ಬಿಟ್ಟರು. 2008, 2009, 2010ರಲ್ಲಿ ಬ್ರ್ಯಾಂಡ್ಸ್ ಅವರ ಅಯೋವಾ ಸತತ ಮೂರು ವರ್ಷ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು.